ಹಳದಿ ಬಣ್ಣದ ಡಬ್ಬಿ

ಆ ಬೇಸಗೆಯಲ್ಲಿ ರೊವೀನಾ ಹಾಲ್ವರ್ಸನ್‌ಗೆ ಅರವತ್ತೊಂದು ವರ್ಷ. ಅಲಾಸ್ಕಕ್ಕೆ ತಾಗಿದ ಯೂಕಾನ್ ಸೀಮೆಯ ತೆಂಕಣ ಕಾಡುಗಳ ಮೇಲೆ, ನೀರಿನಲ್ಲಿ ಇಳಿಯುವ ಪುಟ್ಟ ವಿಮಾನವೊಂದನ್ನು ಆಕೆ ಮೂವತ್ತೈದು ವರ್ಷಗಳಿಂದ ಹಾರಿಸುತ್ತಿದ್ದಳು. ದೂರದ ಗುಡಿಸಲುಗಳಿಗೆ ಹಿಟ್ಟು, ಸೀಮೆಎಣ್ಣೆ, ಟಪಾಲು ಮುಟ್ಟಿಸುವುದು ಹೊಟ್ಟೆಪಾಡು. ಹುಚ್ಚು ಮಾತ್ರ ಬೇರೆ. ಯುದ್ಧದ ವರ್ಷಗಳಲ್ಲಿ ಅಲಾಸ್ಕದ ಕಡೆಗೆ ಹೊರಟ ಸೈನ್ಯದ ವಿಮಾನಗಳಲ್ಲಿ ಕೆಲವು ಆ ಬೆಟ್ಟಗಳಲ್ಲಿಯೇ ಬಿದ್ದು ಉಳಿದಿದ್ದವು. ಬಿಡುವಾದಾಗಲೆಲ್ಲ ರೊವೀನಾ ಅವುಗಳನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಬಾಗಿಲನ್ನು ಒಳಗಿನಿಂದ ತೆರೆದರೋ, ಬಿದ್ದ ಏಟಿಗೆ ತೆರೆದುಕೊಂಡಿತೋ? ಒಂದೇ ಬೂಟು ಇದೆಯಲ್ಲ, ಇನ್ನೊಂದು ಎಲ್ಲಿ ಹೋಯಿತು? ಇಂಥ ಪ್ರಶ್ನೆಗಳು ಚಳಿಗಾಲವಿಡೀ ಅವಳ ತಲೆಯಲ್ಲಿ ಸುತ್ತುತ್ತಿದ್ದವು.

ಅವಳಿಗೆ ಎರಡು ನಿಯಮಗಳಿದ್ದವು. ಕಂಡ ವಿಮಾನದ ರೆಕ್ಕೆಯ ಮೇಲೆ ಹಳದಿ ಬಣ್ಣದಿಂದ ದೊಡ್ಡದಾಗಿ ಅಡ್ಡಗೀಟು ಎಳೆಯುವುದು ಮೊದಲನೆಯದು. ಮುಂದೆಂದೋ ಹೊಸ ವಿಮಾನ ಕಾಣೆಯಾಗಿ, ಹುಡುಕುವವರು ಮೇಲಿನಿಂದ ನೋಡಿದರೆ, ಇದು ಹಳೆಯದೆಂದು ತಿಳಿದು ಮುಂದೆ ಹೋಗಬೇಕಲ್ಲ. ಬಿದ್ದ ವಿಮಾನದಿಂದ ಒಂದು ತಿರುಪುಮೊಳೆಯನ್ನೂ ತರಬಾರದೆಂಬುದು ಎರಡನೆಯದು. ತಂದವರನ್ನು ಅವಳು ತನ್ನ ವಿಮಾನಕ್ಕೆ ಮತ್ತೆ ಹತ್ತಿಸಿಕೊಂಡದ್ದಿಲ್ಲ.

ಜುಲೈ ತಿಂಗಳಲ್ಲಿ ಒಂದು ದಿನ ಮೈಡಾ ಡೆನಿಸ್ ಎಂಬ, ಅಲ್ಲಿನ ಮೂಲನಿವಾಸಿ ಕಾಸ್ಕಾ ಜನರ ಮುದುಕಿ ಟಪಾಲು ಕೇಳಲು ರೊವೀನಾಳ ಕೆರೆದಂಡೆಯ ಆಫೀಸಿಗೆ ಬಂದಳು. ಗೋಡೆಯ ಮೇಲಿನ ಒಂದು ಫೋಟೋದ ಮುಂದೆ ನಿಂತವಳು ಕದಲಲಿಲ್ಲ. ಕವಲು ಕೊಂಬಿನ ಬೆಟ್ಟದ ಕೆಳಗೆ ಬಿದ್ದಿದ್ದ ಎರಡು ಎಂಜಿನ್ನಿನ ಯುದ್ಧವಿಮಾನ ಅದು.

"ಇದು ನಮ್ಮಪ್ಪನ ವಿಮಾನ" ಎಂದಳು.

"ನಿಮ್ಮಪ್ಪ ವಿಮಾನ ಹಾರಿಸ್ತಿದ್ರಾ ಅಜ್ಜಿ?"

"ಅವನು ನಾಯಿಬಂಡಿ ಬಿಟ್ರೆ ಬೇರೇನೂ ಹೊಡೀಲಿಲ್ಲ. ನಗಬೇಡ, ಕೇಳು."

ನಲವತ್ತಮೂರನೆಯ ಇಸವಿ. ಮೈಡಾಳಿಗೆ ಆಗ ಏಳು ವರ್ಷ. ಅವಳ ತಂದೆ ಆಲೆಕ್ ಡೆನಿಸ್ ಕಾಡುಪ್ರಾಣಿಗಳಿಗೆ ಒಡ್ಡಿದ್ದ ಉರುಲು ನೋಡಲು ಹೋದವನು, ಆ ಕವಲು ಕೊಂಬಿನ ಬೆಟ್ಟದ ಕೆಳಗೆ ವಿಮಾನ ಬಿದ್ದಿದೆ, ಒಳಗೆ ಯಾರೂ ಇಲ್ಲ ಎಂದು ಸೈನ್ಯದವರಿಗೆ ಬಂದು ಹೇಳಿದ. ಅವರು ಮೇಲೆ ಹಾರಿ ನೋಡಿದರು. ಹಿಮ ಬಿಟ್ಟು ಬೇರೇನೂ ಕಾಣಲಿಲ್ಲ. ಸಕ್ಕರೆ, ಹಿಟ್ಟಿನ ಆಸೆಗೆ ಕಥೆ ಕಟ್ಟಿದ ಎಂದರು. ಅಂದಿನಿಂದ ಊರಿನಲ್ಲಿ ಯಾರು ಬೊಗಳೆ ಬಿಟ್ಟರೂ ಅದಕ್ಕೆ 'ಆಲೆಕ್‌ನ ವಿಮಾನ' ಎಂದೇ ಹೆಸರಾಯಿತು.

"ಸಾಯೋ ತನಕ ಆ ಮಾತು ಕೇಳ್ಕೊಂಡೇ ಇದ್ದ" ಎಂದಳು ಮೈಡಾ. "ಅಲ್ಲಿ ಟೀ ಕಾಯಿಸಿ ಕುಡಿದು, ಡಬ್ಬೀನ ಮರಕ್ಕೆ ತೂಗುಹಾಕಿ ಬಂದೆ ಅಂತಿದ್ದ. ಬರೀ ಫೋಟೋ ತೋರಿಸಿದ್ರೆ, ವಿಮಾನ ಬಿದ್ದ ಸುದ್ದಿ ಎಲ್ಲೋ ಕೇಳಿ ಹೇಳಿದ್ದ ಅಂತಾರೆ. ಆ ಡಬ್ಬಿ ಇದ್ರೆ ಅವನು ಹೇಳಿದ್ದು ನಿಜ. ಇಲ್ದಿದ್ರೆ ಊರೋರು ಹೇಳಿದ್ದೇ ನಿಜ ಅಂದ್ಕೋತೀನಿ. ಕರ್ಕೊಂಡು ಹೋಗ್ತೀಯಾ?"

ಟೀ ಕಾಯಿಸಿದ ಜಾಗದಲ್ಲಿ, ಮುಂದೆ ಬರುವವರಿಗಾಗಿ ಡಬ್ಬಿಯನ್ನು ಕೊಂಬೆಗೆ ಬೋರಲು ಹಾಕಿ ಹೋಗುವುದು ಆ ಕಾಡಿನ ವಾಡಿಕೆ. ರೊವೀನಾಳಿಗೆ ಅದು ಗೊತ್ತಿತ್ತು. ಆದರೂ ಅವಳಿಗೆ ಆ ಹೊತ್ತಿನಲ್ಲಿ ಏನೂ ಹೊಳೆಯಲಿಲ್ಲ.

ಮರುದಿನ ಇಬ್ಬರೂ ಹಾರಿದರು. ಬೆಟ್ಟದ ಹತ್ತಿರದ ಕೆರೆಯಲ್ಲಿ ಇಳಿದು, ಕುಳ್ಳ ಪೊದೆಗಳ ನಡುವೆ ಅರ್ಧ ಗಂಟೆ ನಡೆದರು. ಮೈಡಾ ಎಪ್ಪತ್ತೆಂಟರಲ್ಲೂ ಕೋಲೂರಿಕೊಂಡು ಮುಂದೆ ಮುಂದೆ ಹೋಗುತ್ತಿದ್ದಳು.

"ಹಿಂದೆ ಉಳ್ಕೋಬೇಡ ಹುಡುಗಿ, ಕರಡಿ ಮೊದ್ಲು ಕೊನೇವಳನ್ನೇ ನೋಡೋದು."

"ಅದಕ್ಕೇ ಅಲ್ವಾ ಅಜ್ಜಿ, ನಿಮ್ಮನ್ನ ಮುಂದೆ ಬಿಟ್ಟಿದ್ದು? ಎದುರಿಂದ ಬಂದ್ರೆ ನಿಮಗೇ ಹೆದರ್ಕೊಂಡು ಓಡ್ಲಿ ಅಂತ."

ವಿಮಾನ ಅಲ್ಲಿಯೇ ಇತ್ತು. ರೆಕ್ಕೆಯ ಮೇಲೆ ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ರೊವೀನಾ ಬಳಿದ ಹಳದಿ ಗೀಟು ಮಸುಕಾಗಿತ್ತು. ಮೈಡಾ ಅದನ್ನು ಸರಿಯಾಗಿ ನೋಡಲೂ ಇಲ್ಲ. ಒಂದೊಂದೇ ಮರದ ಹತ್ತಿರ ಹೋಗಿ, ಕತ್ತೆತ್ತಿ, ಕೊಂಬೆಗಳನ್ನು ಕೈಯಿಂದ ಸರಿಸಿ ನೋಡತೊಡಗಿದಳು.

"ಎಂಥ ಡಬ್ಬಿ ಅಜ್ಜಿ?"

"ಹಂದಿಕೊಬ್ಬಿನ ಡಬ್ಬಿ. ಅದರ ಹಿಡಿ ಕಿತ್ತುಹೋಗಿತ್ತು. ಉರುಲಿನ ತಂತೀನೇ ಹೊಸೆದು ಹಿಡಿ ಮಾಡಿದ್ದ. ಬಲಗೈಲಿ ಎರಡು ಬೆರಳು ಇರ್ಲಿಲ್ಲ ನೋಡು, ಎಡಗೈಲೇ ಹೊಸೀತಿದ್ದ. ಎಲ್ಲರದ್ದೂ ಬಲಕ್ಕೆ ಸುತ್ಕೊಂಡ್ರೆ ಅವನದು ಎಡಕ್ಕೆ."

ರೊವೀನಾಳಿಗೆ ಥಟ್ಟನೆ ಆ ಗೀಟು ಬಳಿದ ದಿನ ನೆನಪಾಯಿತು. ಆ ದಿನ ಅವಳ ಬಣ್ಣದ ಡಬ್ಬಿಯ ತಳ ಒಡೆದು ಸೋರುತ್ತಿತ್ತು. ಪಕ್ಕದ ಮರದಲ್ಲಿ ಯಾವುದೋ ಹಳೆಯ ಡಬ್ಬಿ ತೂಗುತ್ತಿತ್ತು. ಮರದಲ್ಲಿ ಇದ್ದದ್ದು ವಿಮಾನದ್ದಲ್ಲ, ನಿಯಮಕ್ಕೆ ಸೇರುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಬಣ್ಣವನ್ನು ಅದಕ್ಕೆ ಸುರಿದುಕೊಂಡಿದ್ದಳು. ಹಿಡಿ ಗಟ್ಟಿಯಾಗಿತ್ತು, ಬಿಟ್ಟು ಬರಲು ಮನಸ್ಸಾಗಲಿಲ್ಲ. ಆಮೇಲೆ ಕಂಡ ಪ್ರತಿಯೊಂದು ವಿಮಾನಕ್ಕೂ ಬಣ್ಣ ಹೋದದ್ದು ಅದರಿಂದಲೇ. ಈಗಲೂ ಅದು ಅವಳ ವಿಮಾನದ ಹಿಂದಿನ ಸೀಟಿನ ಕೆಳಗಿತ್ತು.

ಮೈಡಾ ಕೊನೆಯ ಮರವನ್ನೂ ನೋಡಿ ಮುಗಿಸಿ, ಒಂದು ಕಲ್ಲಿನ ಮೇಲೆ ಕುಳಿತಳು. "ಇಲ್ಲ ಬಿಡು" ಎಂದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಏನನ್ನೂ ಮುಟ್ಟದ ರೊವೀನಾ ಎಂದು ಊರೂರಲ್ಲಿ ಇದ್ದ ಹೆಸರು ಹಾಗೆಯೇ ಉಳಿಯುತ್ತಿತ್ತು.

"ಇಲ್ಲೇ ಕೂತಿರಿ ಅಜ್ಜಿ" ಎಂದು ಹೇಳಿ, ಅವಳು ಕೆರೆಯ ತನಕ ಹೋಗಿ ಡಬ್ಬಿಯನ್ನು ತಂದಳು. ಎಲ್ಲವನ್ನೂ ಮರೆಮಾಚದೆ ಹೇಳಿದಳು.

ಮೈಡಾ ಸೊಂಟದ ಚಾಕು ತೆಗೆದು, ಹಿಡಿಯ ಮೇಲೆ ಪದರಪದರವಾಗಿ ಕೂತಿದ್ದ ಹಳದಿ ಬಣ್ಣವನ್ನು ಕೆರೆಯತೊಡಗಿದಳು. ಬಹಳ ಹೊತ್ತು ಕೆರೆದಳು. ಕೊನೆಗೆ ತಂತಿಯ ಹೊಳಪು ಕಂಡಿತು. ಹೆಬ್ಬೆರಳಿನಿಂದ ಅದರ ಸುತ್ತನ್ನು ಸವರಿ ನೋಡಿದಳು.

"ಎಡಕ್ಕೆ" ಎಂದಳು.

ರೊವೀನಾ ತಲೆ ತಗ್ಗಿಸಿ ನಿಂತಿದ್ದಳು. "ಕಳ್ಳಿ" ಎಂದಳು ಮೈಡಾ. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಇಷ್ಟು ವರ್ಷ ಬಿದ್ದ ವಿಮಾನಕ್ಕೆಲ್ಲ ಬಣ್ಣ ಹೊಡೆದಿದ್ದು ನಮ್ಮಪ್ಪನ ಡಬ್ಬೀಲಾ? ಅವನಿಗೆ ಗೊತ್ತಾಗಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ."

"ಮತ್ತೆ ಮರಕ್ಕೆ ತೂಗುಹಾಕ್ಲಾ?"

"ಬಣ್ಣದ ಡಬ್ಬೀಲಿ ಟೀ ಕಾಯಿಸಿ ಯಾರನ್ನ ಸಾಯಿಸ್ಬೇಕು ಅಂತಿದ್ದೀಯ? ಇದು ನಂಜೊತೆ ಮನೆಗೆ ಬರುತ್ತೆ. ನಿನ್ನ ಟೀ ಡಬ್ಬಿ ಕೊಡು, ಅದನ್ನ ಹಾಕೋಣ."

ರೊವೀನಾ ಒಲೆಹೂಡಿ ಟೀ ಕಾಯಿಸಿದಳು. ಇಬ್ಬರೂ ಕುಡಿದ ಮೇಲೆ ಡಬ್ಬಿ ತೊಳೆದು ಕೊಂಬೆಗೆ ಬೋರಲು ಹಾಕಿದಳು. ಬಳಿಕ ಬಿದ್ದ ವಿಮಾನಗಳನ್ನು ಬರೆದಿಡುವ ತನ್ನ ಪುಸ್ತಕ ತೆರೆದು, 'ಮೊದಲು ಕಂಡವರು' ಎಂಬಲ್ಲಿದ್ದ ತನ್ನ ಹೆಸರನ್ನು ಹೊಡೆದು, 'ಆಲೆಕ್ ಡೆನಿಸ್, 1943' ಎಂದು ಬರೆದಳು. ಮೈಡಾ ಕನ್ನಡಕ ಏರಿಸಿಕೊಂಡು ಒಂದಕ್ಷರವನ್ನೂ ಬಿಡದೆ ಓದಿದಳು.

"ಮಾರ್ಚ್ ಅಂತ ಸೇರಿಸು. ಹಿಮದ ಮೇಲೆ ಗಟ್ಟಿ ಪದರ ಕಟ್ಟಿತ್ತು ಅಂತಿದ್ದ."

ರೊವೀನಾ ಸೇರಿಸಿದಳು.

"ಟೀ ಕುಡಿದ ಅಂತಾನೂ ಬರಿ. ಅದನ್ನೇ ಯಾರೂ ನಂಬಿರ್ಲಿಲ್ಲ."