ಅತ್ಯಾ ಬರದ ಮದುವೆಯಲ್ಲಿ ಅತ್ಯಾನ ಹಾಡು

ನನ್ನ ದಿನಚರಿಯಲ್ಲಿ ಹಾಡುಗಳಿಗೆಂದೇ ಹಿಂದಿನ ಪುಟಗಳನ್ನು ಬಿಟ್ಟಿದ್ದೇನೆ. ಯಾವ ತಿಂಗಳು, ಯಾರ ಮನೆಯ ಮದುವೆ, ಅತ್ಯಾ ಯಾವ ಹಾಡು ಹೇಳಿದಳು, ಎದುರಿನ ಬೀಗತಿಯರು ಏನೆಂದು ಉತ್ತರ ಕೊಟ್ಟರು ಎಂದು ಅಲ್ಲಿ ಬರೆಯುತ್ತಿದ್ದೆ. ಹಸೆಗೆ ಕರೆಯುವ ಹಾಡೊಂದನ್ನೇ ಎಷ್ಟೋ ಸಲ ಬರೆದುಕೊಂಡಿದ್ದೇನೆ. ಒಂದು ಸಲದ್ದು ಇನ್ನೊಂದು ಸಲದಂತೆ ಇಲ್ಲ. ಮೊದಲು ನಾನೇ ತಪ್ಪು ಬರೆದೆನೆಂದು ತಿಳಿದು ಅತ್ಯಾನನ್ನು ಕೇಳಿದೆ.

"ಹೋದ ಮದುವ್ಯಾಗ ಮದುಮಗಳು ಕುಳ್ಳಿ ಇದ್ಳು, ಈ ಮದುವ್ಯಾಗ ಉದ್ದ ಇದ್ಳು. ಹಾಡು ಮಾತ್ರ ಅಷ್ಟಽ ಇರಬೇಕಂದ್ರ ಹೆಂಗ?" ಎಂದಳು.

ಅತ್ಯಾ ಅಪ್ಪನ ಅಕ್ಕ. ನಾನು ಮೂರು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಅಲ್ಲಿಂದ ಅಣ್ಣನನ್ನೂ ನನ್ನನ್ನೂ ಬೆಳೆಸಿದವಳು ಅತ್ಯಾ. ಅವಳು ನನ್ನ ಈಗಿನ ವಯಸ್ಸಿಗಿಂತ ಚಿಕ್ಕವಳಿದ್ದಾಗಲೇ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವಳು. ನಮ್ಮ ಮಂದಿಯಲ್ಲಿ ಅಂಥವರ ಮುಖ ಮದುವೆಯ ಹಂದರದಲ್ಲಿ ಕಾಣಬಾರದು. ಆದರೆ ಚಿತ್ತಾಪುರದಲ್ಲಿ ಅವಳಷ್ಟು ಹಾಡು ಬಲ್ಲವರು ಇನ್ನೊಬ್ಬರಿರಲಿಲ್ಲ. ಹೀಗಾಗಿ ಯಾರು ಯಾವಾಗ ಶುರು ಮಾಡಿದರೋ, ಒಂದು ಏರ್ಪಾಡು ರೂಢಿಗೆ ಬಂದಿತ್ತು. ಹಂದರಕ್ಕೆ ಹತ್ತಿದ ಒಳಕೋಣೆಯ ಬಾಗಿಲನ್ನು ಅರ್ಧ ಮುಚ್ಚಿ, ಕದದ ಹಿಂದೆ ಅತ್ಯಾನಿಗೆ ಚಾಪೆ ಹಾಸುತ್ತಿದ್ದರು. ಅವಳು ಒಂದು ನುಡಿ ಎತ್ತಿ ಕೊಡುವಳು, ಹೊರಗೆ ಕುಳಿತ ಮುತ್ತೈದೆಯರು ಅದನ್ನು ತಿರುಗಿ ಹೇಳುವರು. ಮುಖ ಬೇಡ, ದನಿ ಬೇಕು.

ಕದದ ಸಂದಿನಿಂದ ಅತ್ಯಾನಿಗೆ ಎಲ್ಲವೂ ಕಾಣುತ್ತಿತ್ತು. ಮದುಮಗ ಆಕಳಿಸಿದರೆ ಆಕಳಿಕೆ ಹಾಡಿಗೆ ಬರುತ್ತಿತ್ತು. ಬೀಗತಿ ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡರೆ ಆ ಹೋಳಿಗೆಯೂ ಬರುತ್ತಿತ್ತು. ಆರತಿಯ ಬತ್ತಿ ಹೊತ್ತಿಕೊಳ್ಳದಿದ್ದರೆ ಹೊತ್ತುವವರೆಗೂ ಒಂದು ನುಡಿಯನ್ನು ಎಳೆದು ಎಳೆದು ನಿಲ್ಲಿಸುತ್ತಿದ್ದಳು. ಊರಿನ ಎಷ್ಟೋ ಮದುವೆಗಳನ್ನು ಅವಳು ನೋಡಿದ್ದು ಹಾಗೆ, ಎರಡು ಬೆರಳಿನಷ್ಟು ಅಗಲದ ಸಂದಿನಲ್ಲಿ. ಅದಕ್ಕೆ ಅವಳು ಎಂದೂ ಬೇಸರ ಮಾಡಿಕೊಂಡವಳಲ್ಲ. ಅವಳಿಗೊಂದೇ ಆಸೆಯಿತ್ತು. ಅಣ್ಣನ ಮದುವೆಯಲ್ಲಿ ಎಲ್ಲ ಹಾಡನ್ನೂ ತಾನೇ ಎತ್ತಿ ಕೊಡಬೇಕು. ಅವನು ಬರಿಮೈಯಲ್ಲಿ ಅಂಗಳದಲ್ಲಿ ಓಡಾಡುವ ಕಾಲದಿಂದಲೂ ಅದನ್ನು ಹೇಳುತ್ತ ಬಂದಿದ್ದಳಂತೆ.

ಅಣ್ಣನಿಗೆ ಶಹಾಬಾದದ ಸಿಮೆಂಟ್ ಕಾರ್ಖಾನೆಯಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಮೊದಲ ದೀಪಾವಳಿಗೆ ಮನೆಗೆ ಒಂದು ಹಳೆಯ ಗ್ರಾಮಫೋನ್ ತಂದ. ಚಾವಿ ಕೊಡುವುದು, ಮುಳ್ಳು ಬದಲಿಸುವುದು ನನ್ನ ಪಾಲಿಗೆ ಬಂತು. ಮಧ್ಯಾಹ್ನ ಅಪ್ಪ ತಹಸೀಲ ಕಚೇರಿಯಲ್ಲಿರುವಾಗ ನಾನೂ ಅತ್ಯಾನೂ ಪ್ಲೇಟು ಹಾಕಿಕೊಂಡು ಕೂಡುತ್ತಿದ್ದೆವು. ಗಂಡಸಿನ ದನಿ ಬಂದ ಕೂಡಲೇ ಅವಳು ಸೆರಗು ಎಳೆದುಕೊಳ್ಳುತ್ತಿದ್ದಳು.

"ಅವರೇನು ಇಲ್ಲಿ ಇದ್ದಾರೇನು ಅತ್ಯಾ?"

"ನನಗ ಅವರು ಕಾಣಂಗಿಲ್ಲ, ಖರೆ. ಅವರಿಗೆ ನಾ ಕಾಣ್ತೀನೋ ಇಲ್ಲೋ, ಅದನ್ನ ಯಾರು ಹೇಳಬೇಕು?"

ಅವಳಿಗೆ ಪ್ಲೇಟು ಸೇರುತ್ತಿರಲಿಲ್ಲವೆಂದಲ್ಲ. ಒಬ್ಬ ಹೆಣ್ಣುಮಗಳ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದಳು. ಆ ಗಾಯಕಿ ಒಂದು ಕಡೆ ಉಸಿರು ತೆಗೆದುಕೊಳ್ಳುವ ಸಪ್ಪಳ ಕೇಳುತ್ತಿತ್ತು. ಪ್ರತಿ ಸಲವೂ ಅಲ್ಲೇ, ಅಷ್ಟೇ. ಒಂದು ದಿನ ಅತ್ಯಾ, "ಪಾಪ, ಈಕಿಗೆ ಯಾರೂ ಭೇಷ್ ಅನ್ನಂಗಿಲ್ಲ. ಯಾರಿಗೆ ಹಾಡ್ಲಿಕತ್ತೀನಿ ಅನ್ನೋದೂ ಗೊತ್ತಿಲ್ಲ," ಎಂದಳು. ಮನೆಯಲ್ಲಿ ಕುಳಿತು ಬೇಕಾದಾಗ ಬೇಕಾದ ಹಾಡು ಕೇಳಬಹುದಲ್ಲ ಎಂದು ನಾನು ವಾದ ಮಾಡಿದೆ. "ಕೇಳಬಹುದವ್ವ. ಆದ್ರ ಆಕಿ ನಮ್ಮನ್ನ ಕೇಳಂಗಿಲ್ಲಲ್ಲ," ಎಂದು ಅಕ್ಕಿ ಆರಿಸಲು ಎದ್ದಳು.

ಹೋದ ವರ್ಷ ಅಣ್ಣನಿಗೆ ಹೆಣ್ಣು ಗೊತ್ತಾಯಿತು. ಸೇಡಂ ಕಡೆಯ ಮನೆತನ. ಹುಡುಗಿಯ ತಂದೆ ವಾಡಿಯಲ್ಲಿ ರೇಲ್ವೆ ನೌಕರಿಯಲ್ಲಿದ್ದರು. ಶಿವರಾತ್ರಿ ಮುಗಿದ ಮೇಲೆ ಅಣ್ಣ ಅತ್ಯಾನನ್ನೂ ನನ್ನನ್ನೂ ಶಹಾಬಾದಕ್ಕೆ ಕರೆಸಿಕೊಂಡ. ಅವನ ಕಾರ್ಖಾನೆಯಲ್ಲಿ ಬೊಂಬಾಯಿಯಿಂದ ಬಂದ ಸಾಹೇಬರೊಬ್ಬರ ಹತ್ತಿರ ಟೇಪ್ ರೆಕಾರ್ಡರ್ ಇತ್ತು. ಅತ್ಯಾ ಗಾಡಿಯಲ್ಲಿ ಹೊರಗಿನದೇನನ್ನೂ ಮುಟ್ಟದೆ, ತಂಬಿಗೆಯಲ್ಲಿ ಮಡಿನೀರು ಹಿಡಿದುಕೊಂಡು ಬಂದಳು.

"ನಿನ್ನ ದನಿ ನಮ್ಮ ಮನ್ಯಾಗ ಉಳೀಬೇಕತ್ಯಾ," ಎಂದ ಅಣ್ಣ. "ಮುಂದ ನನ್ನ ಮಕ್ಕಳು ಕೇಳಬೇಕು."

ನನ್ನನ್ನು ಅಡಿಗೆಮನೆಗೆ ಕರೆದು, "ನೀನೂ ಜರಾ ಹೇಳು, ನಿನ್ನ ಮಾತು ಕೇಳ್ತಾಳ," ಎಂದ. ನಾನು ಸಂತೋಷದಿಂದ ಹೇಳಿದೆ. ಅಣ್ಣನಿಗೆ ಅತ್ಯಾನ ಮೇಲೆ ಇಷ್ಟು ಪ್ರೀತಿಯಿದೆಯೆಂದು ಆ ದಿನದ ಪುಟದಲ್ಲಿ ಬರೆದೂ ಇಟ್ಟೆ.

ಸಾಹೇಬರು ಮಶೀನನ್ನು ಅಣ್ಣನ ಖೋಲಿಯಲ್ಲಿಟ್ಟು, ಗುಂಡಿ ಒತ್ತುವುದನ್ನು ಅವನಿಗೆ ತೋರಿಸಿ ಹೋದರು. ಅತ್ಯಾ ಗೋಡೆಗೆ ಆತು ಕುಳಿತಳು.

"ಯಾರನ್ನ ಹಸಿಗೆ ಕರೀಲಿ? ಇಲ್ಲಿ ಯಾರೂ ಇಲ್ಲ."

ಅಣ್ಣ ಒಂದು ಮಣೆ ತಂದು ಹಾಕಿ ಅವಳೆದುರು ಕುಳಿತ. "ನನ್ನ ಮದುವೀನ ಅಂತ ತಿಳ್ಕೊ. ನಾ ಕುಂತೀನಿ ನೋಡು."

ಅತ್ಯಾ ಅವನನ್ನು ನೋಡಿದಳು. ನಡುವೆ ಕದವಿಲ್ಲದೆ, ಮಣೆಯ ಮೇಲೆ ಕುಳಿತ ಮದುಮಗನನ್ನು ನೋಡಿಕೊಂಡು ಅವಳು ಹಾಡಿದ್ದು ಅದೇ ಮೊದಲು. ಹಸೆಯ ಹಾಡು, ಉರುಟಣೆ, ಬೀಗರ ಹಾಡು, ಆರತಿ, ಅವನು ಕೇಳಿದ ಕ್ರಮದಲ್ಲೇ ಹಾಡಿದಳು. ತಿರುಗಿ ಹೇಳಲು ನಾನೊಬ್ಬಳೇ ಇದ್ದೆ. ಕೊನೆಗೆ, "ಇದು ಬರೇ ತಾಲೀಮು ಅಪಾ. ಮದುವಿ ದಿವಸ ಇದಕ್ಕಿಂತ ಛಂದ ಹಾಡ್ತೀನಿ," ಎಂದಳು. ಅಣ್ಣ ಹೂಂ ಎಂದ.

ಮದುವೆಗೆ ಎಂಟು ದಿನವಿರುವಾಗ, ಒಂದು ಭಾನುವಾರ, ಅಣ್ಣ ಚಿತ್ತಾಪುರಕ್ಕೆ ಬಂದ. ಅತ್ಯಾ ಹೊಸ ಕೆಂಪು ಸೀರೆಯನ್ನು ನೀರಿಗೆ ಹಾಕಿ ಒಣಗಿಸಿ ಮಡಿಚಿಟ್ಟಿದ್ದಳು.

"ವಾಡಿಗೆ ಯಾವ ಗಾಡಿಗೆ ಹೋಗೂದು?" ಎಂದು ಅವಳು ಕೇಳಿದಳು. ಅಪ್ಪ ಪಂಚಾಂಗ ನೋಡತೊಡಗಿದ. ಅಣ್ಣನೇ ಹೇಳಿದ.

"ಅತ್ಯಾ, ವಾಡಿಯಾಗ ಮದುವಿಗೆ ಹಿಡದ ಹಾಲ್‌ಗೆ ಒಳಗಿನ ಖೋಲಿ ಇಲ್ಲ."

"ಅಂದ್ರ?"

"ನಾಕೂ ಕಡೆ ಗೋಡಿ, ನಡುವ ಒಂದಽ ಹಾಲ್. ನಿನಗ ಕುಂದ್ರಲಿಕ್ಕೆ ಜಾಗಾ ಇಲ್ಲ."

"ಒಂದು ಧೋತರ ಅಡ್ಡ ಕಟ್ಟು. ನನಗೇನು ಬಂಗಲೆ ಬೇಕಾಗೇದೇನು?"

"ಬೀಗರು ಕಬೂಲ್ ಆಗಂಗಿಲ್ಲ. ಅವರ ಮನ್ಯಾಗ ಇದು ಮೊದಲನೇ ಮದುವಿ. ಮತ್ತ ನಿನ್ನ ಹಾಡು ಇದ್ದಽ ಇರ್ತದಲ್ಲ, ಸಾಹೇಬರು ಮಶೀನ್ ತರ್ತಾರ. ನೀನಽ ಹೇಳು, ಪದ್ಧತಿ ಪ್ರಕಾರ ಬೇಕಾಗಿದ್ದು ದನಿ ಹೌದಲ್ಲೋ? ದನಿ ಬರ್ತದ."

ಅತ್ಯಾ ಕೇಳಿದಳು, "ಹಾಲ್ ಯಾವಾಗ ಗೊತ್ತು ಮಾಡಿದಿ?"

"ಸಂಕ್ರಾಂತಿ ಆದಮ್ಯಾಲ."

ಸಂಕ್ರಾಂತಿ ಶಿವರಾತ್ರಿಗಿಂತ ಮುಂಚೆ ಬರುತ್ತದೆ. ಇದನ್ನು ತಿಳಿಯಲು ದಿನಚರಿ ಬೇಕಾಗಲಿಲ್ಲ.

"ಶಹಾಬಾದದಾಗ ನನ್ನ ಮುಂದ ಮಣಿ ಮ್ಯಾಲ ಕುಂತಿದ್ದಿ. ಅವಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹಾಡ್ತಿದ್ದೇನು?" ಎಂದ ಅಣ್ಣ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಗಾಡಿಯ ವೇಳೆ ಹೇಳಿದಂತೆ ಹೇಳಿದ. ಮಕ್ಕಳು, ಮನೆ, ಉಳಿಯಬೇಕಾದ ದನಿ ಎಂದೆಲ್ಲ ಅವನಂದದ್ದು ನನಗೆ ನೆನಪಾಯಿತು. ಅಡಿಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು ಮಾತಾಡಿದ್ದೂ ನೆನಪಾಯಿತು. ಅವಳನ್ನು ನಂಬಿಸುವುದಕ್ಕೆ ಅವನಿಗೆ ನಾನು ಬೇಕಾಗಿದ್ದೆ, ಅಷ್ಟೇ. ಅಪ್ಪ ಪಂಚಾಂಗದಿಂದ ಕಣ್ಣೆತ್ತಲಿಲ್ಲ. ಅವನಿಗೂ ಮೊದಲೇ ಗೊತ್ತಿತ್ತು.

ನಾನೂ ಮದುವೆಗೆ ಹೋಗುವುದಿಲ್ಲವೆಂದೆ. "ಹೋಗು," ಎಂದಳು ಅತ್ಯಾ. "ಹೋಗಿ ಎಲ್ಲಾ ನೋಡ್ಕೊಂಡು ಬಾ. ನಮ್ಮಿಬ್ಬರೊಳಗ ಒಬ್ಬರರೆ ನೋಡಬೇಕಲ್ಲ."

ವಾಡಿಯ ಹಾಲ್ ಅಣ್ಣ ಹೇಳಿದಂತೆಯೇ ಇತ್ತು. ವೇದಿಕೆಯ ಪಕ್ಕದಲ್ಲಿ ಮಶೀನ್, ಗೋಡೆಯ ಮೇಲೆ ಲೌಡ್ ಸ್ಪೀಕರಿನ ತುತ್ತೂರಿ. ಅಣ್ಣನನ್ನು ಹಸೆಗೆ ಕರೆಯುವ ಹೊತ್ತಿಗೆ ಸಾಹೇಬರು ಗುಂಡಿ ಒತ್ತಿದರು. ಅತ್ಯಾನ ದನಿ ಬಂತು, ನಾನು ಎಂದೂ ಕೇಳದಷ್ಟು ದೊಡ್ಡದಾಗಿ. ಜನ ತಲೆ ಎತ್ತಿ ತುತ್ತೂರಿಯ ಕಡೆ ನೋಡಿದರು. ಭಾಳ ಛಂದ ದನಿ ಎಂದು ನನ್ನ ಹಿಂದೆ ಯಾರೋ ಅಂದರು.

ನಮ್ಮ ಕಡೆಯ ಮುತ್ತೈದೆಯರು ರೂಢಿಯಂತೆ ಮೊದಲ ನುಡಿಯನ್ನು ತಿರುಗಿ ಹೇಳಲು ಬಾಯಿ ತೆರೆದರು. ಹಂದರದಲ್ಲಾದರೆ ಅಷ್ಟು ಜನರ ಸಾಲು ಮುಗಿಯುವವರೆಗೆ ಅತ್ಯಾ ಕಾಯುತ್ತಿದ್ದಳು. ಶಹಾಬಾದದಲ್ಲಿ ನನ್ನೊಬ್ಬಳಿಗಾಗಿ ಎಷ್ಟು ಕಾಯಬೇಕೋ ಅಷ್ಟೇ ಕಾದಿದ್ದಳು. ಇವರ ಸಾಲು ಅರ್ಧಕ್ಕಿರುವಾಗಲೇ ಎರಡನೆಯ ನುಡಿ ಮೇಲೆ ಬಂದು ಬಿತ್ತು. ಮತ್ತೊಮ್ಮೆ ಪ್ರಯತ್ನ ಮಾಡಿದರು, ಮತ್ತೆ ಹಾಗೇ ಆಯಿತು. ಮೂರನೆಯ ನುಡಿಗೆ ಎಲ್ಲರೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು. ಆಮೇಲೆ ಹಾಲ್‌ನಲ್ಲಿ ಕೇಳಿದ್ದು ಅತ್ಯಾನ ದನಿ ಮತ್ತು ಅದರ ಹಿಂದೆ ನನ್ನ ಸಣ್ಣ ದನಿ. ನಾನು ಅಲ್ಲೇ ಕುಳಿತಿದ್ದೆ, ಬಾಯಿ ಮುಚ್ಚಿಕೊಂಡು.

ಊಟದ ಹೊತ್ತಿಗೆ ಬೀಗರ ಹಾಡು. ಸೇಡಂ ಕಡೆಯ ಹೆಂಗಸರು ಚುರುಕು. ಗಂಡಿನ ಕಡೆಯವರು ಸಿಮೆಂಟು ತಿಂದು ಬೆಳೆದವರು, ಹೋಳಿಗೆ ಇವರಿಗೆ ಮೆತ್ತಗಾಯಿತು ಎಂದು ಹಾಡಿ, ನಗುತ್ತ ಉತ್ತರಕ್ಕೆ ಕಾದರು. ಮಶೀನ್ ತನ್ನ ಪಾಡಿಗೆ ಬೀಗತಿಯ ಮೂಗುತಿಯನ್ನು ಹಾಸ್ಯ ಮಾಡಿತು. ಬೀಗತಿ ಮೂಗು ಮುಟ್ಟಿ ನೋಡಿಕೊಂಡರು. ಅವರು ಮೂಗುತಿ ಇಟ್ಟಿರಲಿಲ್ಲ.

"ಇದೇನವ್ವ, ನಿಮ್ಮ ಅತ್ಯಾಗ ಕಿವಿ ಕೇಳಂಗಿಲ್ಲೇನು?" ಎಂದು ಅವರಲ್ಲೊಬ್ಬಳು ನನ್ನನ್ನು ಕೇಳಿದಳು.

ಆರತಿಯ ಹಾಡು ಮುಗಿಯಿತು, ಬತ್ತಿ ಇನ್ನೂ ಹೊತ್ತಿಕೊಂಡಿರಲಿಲ್ಲ. ಸಾಹೇಬರು ಬೇರೆ ಕಡೆ ನೋಡುತ್ತಿದ್ದರು, ಟೇಪು ತಿರುಗುತ್ತಲೇ ಇತ್ತು. ಆಗ ಆ ತುತ್ತೂರಿಯಿಂದ ಅತ್ಯಾ ಮಾತಾಡಿದಳು, ಹಾಡಿನ ದನಿಯಲ್ಲಲ್ಲ, ಮನೆಯ ದನಿಯಲ್ಲಿ.

"ಸಾಕೇನು ಕೂಸಾ? ಏಳು, ಕಾಲು ಜೋಮು ಹಿಡದಾವು ನಿನ್ನವು."

ಹಾಲ್ ತುಂಬ ನಗೆ. ಶಹಾಬಾದದಲ್ಲಿ ಇದನ್ನು ಹೇಳುವಾಗ ಅವಳು ಅವನ ಮೊಣಕಾಲು ಒತ್ತಿದ್ದಳು. ನಾನು ಅಣ್ಣನನ್ನು ನೋಡಿದೆ. ಅವನು ಹಸೆಯ ಮೇಲೆ ಕುಳಿತು, ಎಲ್ಲರ ಜೊತೆ ನಗುತ್ತಿದ್ದ.

ಮರುದಿನ ಸಂಜೆ ಮದುಮಕ್ಕಳು ಚಿತ್ತಾಪುರಕ್ಕೆ ಬಂದರು. ಬೀಗರ ಕಡೆಯವರು ಯಾರೂ ಜೊತೆಗಿರಲಿಲ್ಲ. ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತಿದ್ದ ಕಾಕು, ನಮ್ಮ ಚಿಕ್ಕಪ್ಪನ ಹೆಂಡತಿ, ಆರತಿ ಹಿಡಿದುಕೊಂಡಿದ್ದಳು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಮಶೀನ್ ಸಾಹೇಬರ ಜೊತೆ ಶಹಾಬಾದಕ್ಕೆ ಹೋಗಿತ್ತು. ಆದರೆ ಯಾರಿಗೂ ಚಿಂತೆಯಿರಲಿಲ್ಲ. ಇದು ನಮ್ಮ ಮನೆ, ಪಡಸಾಲೆಗೆ ಹತ್ತಿದ ಕೋಣೆಯಲ್ಲಿ ಅತ್ಯಾ ಇದ್ದಳು.

"ಎತ್ತಿ ಕೊಡ್ರಿ ಅಕ್ಕಾ," ಎಂದು ಕಾಕು ಕೂಗಿದಳು.

ಒಳಗಿನಿಂದ ಏನೂ ಬರಲಿಲ್ಲ. ಮತ್ತೊಮ್ಮೆ ಕೂಗಿದಳು. ಆಗ ಕದ ಪೂರ್ತಿ ತೆರೆಯಿತು. ಅತ್ಯಾ ಹೊಸ ಕೆಂಪು ಸೀರೆ ಉಟ್ಟುಕೊಂಡು ಹೊರಗೆ ಬಂದು ಪಡಸಾಲೆಯ ನಡುವೆ, ಬಾಗಿಲಿಗೆ ಎದುರಾಗಿ ನಿಂತಳು.

"ಹಾಡು ನಿಮ್ಮ ಮಶೀನ್‌ದಾಗ ಅದ, ಅದನ್ನ ಹಚ್ಕೋರಿ," ಎಂದಳು. "ನಾ ಸೊಸೀನ್ನ ನೋಡ್ಲಿಕ್ಕೆ ಬಂದೀನಿ."

ಅತ್ತಿಗೆ ತಲೆ ಎತ್ತಲು ಹೊರಟಳು. ಅಣ್ಣ ಥಟ್ಟನೆ ಅವಳ ಸೆರಗನ್ನು ಮುಖದ ಮೇಲೆ ಎಳೆದು, ಇಬ್ಬರ ನಡುವೆ ಬಂದು ನಿಂತ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ಅತ್ಯಾ ಅವನ ಬೆನ್ನನ್ನು ನೋಡಿದಳು. "ಹಂಗಾದ್ರ ತಪ್ಪು ಆ ವಾಡಿ ಹಾಲ್‌ದಲ್ಲ," ಎಂದಳು, ಜೋರಾಗಿ ಅಲ್ಲ. ಒಳಗೆ ಹೋಗಿ ಕದ ಹಾಕಿಕೊಂಡಳು.

ಕಾಕು ಆರತಿ ಹಿಡಿದು ನಿಂತೇ ಇದ್ದಳು. ಅಣ್ಣ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ನೀನರೆ ಎತ್ತಿ ಕೊಡು. ನಿನಗ ಎಲ್ಲಾ ಬರ್ತಾವಲ್ಲ," ಎಂದ. ಅಡಿಗೆಮನೆಯಲ್ಲಿ ಮಾತಾಡಿದಾಗಿನ ಅದೇ ದನಿ.

"ಬರ್ತಾವ," ಎಂದೆ.

ಎತ್ತಿ ಕೊಡಲಿಲ್ಲ. ಹೊಸ ಸೊಸೆ ಸೇರನ್ನು ಒದ್ದು ಒಳಗೆ ಬರಬೇಕಾದದ್ದು ಹಾಡಿನ ಮೂರನೆಯ ನುಡಿಗೆ. ಅತ್ತಿಗೆಗೆ ಅವರ ಮನೆಯಲ್ಲಿ ಅದನ್ನು ಹೇಳಿ ಕಳಿಸಿದ್ದರು. ಅವಳು ಸೆರಗಿನೊಳಗೆ ಕಾಯುತ್ತ, ಬಲಗಾಲನ್ನು ಸ್ವಲ್ಪ ಎತ್ತಿ ಹಿಡಿದು ನಿಂತಿದ್ದಳು. ಕೊನೆಗೆ ಅಪ್ಪ, "ನಡಿ ತಾಯಿ, ಒಳಗ ನಡಿ," ಎಂದ. ಯಾವ ಕಡೆಯಿಂದಲೂ ಹಾಡಿಲ್ಲದೆ ಅಕ್ಕಿ ಚೆಲ್ಲಿದ ಸಪ್ಪಳವಾಯಿತು.