ಎರಡು ಗಾಡಿ, ಒಂದೇ ಸಿಲಿಂಡರ್

ಆಂಬುಲೆನ್ಸ್ ಬಾಡಿಗೆಗೆ ಕರೆಯುವವರಿಗೆ ನನ್ನದೊಂದು ಮಾತು. ಹತ್ತುವ ಮೊದಲು ಒಳಗಿನ ಕಪಾಟು ತೆಗೆಸಿ ನೋಡಿ. ಗಾಜಿಗೆ ಅಂಟಿಸಿದ ಸರ್ಕಾರದ ಚೀಟಿಯನ್ನಷ್ಟೇ ನೋಡಿ ನಂಬಬೇಡಿ. ಈ ಬುದ್ಧಿ ಹೇಳಲು ನೀನ್ಯಾರು ಎಂದು ಕೇಳಿದರೆ, ಖಾಲಿ ಕಪಾಟಿನ ಗಾಡಿಗೆ ಆ ಚೀಟಿ ಅಂಟಿಸಿಕೊಂಡು ಬಂದವನು ನಾನೇ.

ರಾಯಚೂರಿನ ಅಕ್ಕಿ ಗಿರಣಿಗಳಿಗೆ ಭತ್ತದ ಚೀಲ ಸಾಗಿಸುತ್ತ ಮೇಲೆ ಬಂದವನು ನಾನು. ಒಂದು ಹಳೆಯ ವ್ಯಾನನ್ನು ಮೂರು ದಿನ ಚೌಕಾಶಿ ಮಾಡಿ ಕೊಂಡು, ಸೀಟು ಕಿತ್ತು ಸ್ಟ್ರೆಚರ್ ಹಾಕಿಸಿದೆ. ಆಮೇಲೆ ಇನ್ನೊಂದು ಕೊಂಡೆ. ಒಂದು ದೇವದುರ್ಗದಲ್ಲಿ ನಿಲ್ಲುತ್ತಿತ್ತು, ಇನ್ನೊಂದು ಮಾನ್ವಿಯಲ್ಲಿ. ನಾನು ರಾಯಚೂರಿನಲ್ಲಿ ಫೋನು ಹಿಡಿದು ಕೂರುತ್ತಿದ್ದೆ. ಆಗ ಡ್ರೈವರ್ ಒಬ್ಬನಿದ್ದರೆ ಸಾಕಿತ್ತು. ಸಲೈನ್ ಬಾಟಲಿಯನ್ನು ರೋಗಿಯ ಕಡೆಯವರೇ ದಾರಿಯುದ್ದಕ್ಕೂ ಎತ್ತಿ ಹಿಡಿಯುತ್ತಿದ್ದರು.

ಆಮೇಲೆ ನಿಯಮ ಬಂತು. ಖಾಸಗಿ ಆಂಬುಲೆನ್ಸ್‌ಗಳೂ ನೋಂದಣಿ ಆಗಬೇಕು, ಪ್ರತಿ ಗಾಡಿಯಲ್ಲೂ ಆಕ್ಸಿಜನ್ ಮತ್ತು ಇತರ ಸಾಮಾನು ಇರಬೇಕು, ತರಬೇತಿ ಪಡೆದವರೊಬ್ಬರು ರೋಗಿಯ ಜೊತೆ ಕೂರಬೇಕು, ಪ್ರತಿ ಸಲವೂ ಹೊತ್ತು ಬರೆದು ಹಾಳೆ ತುಂಬಬೇಕು. ನಾವು ಆಂಬುಲೆನ್ಸ್‌ನವರು ಇದಕ್ಕೊಂದು ದಾರಿ ಹುಡುಕಿಕೊಂಡಿದ್ದೆವು. ‘ತೋರಿಸೋ ಸೆಟ್’ ಎಂದು ಅದಕ್ಕೆ ಹೆಸರು. ಸಾಮಾನು ಒಂದೇ ಜೊತೆ; ತಪಾಸಣೆಗೆ ಹೋಗುವ ಗಾಡಿಗೆಲ್ಲ ಅದೇ ಹೋಗುತ್ತದೆ. ನಾನೂ ಹಾಗೇ ಮಾಡಿದೆ. ರಾಯಚೂರಿನಲ್ಲಿ ತಪಾಸಣೆ; ಬೆಳಿಗ್ಗೆ ದೇವದುರ್ಗದ ಗಾಡಿ ಪಾಸಾಯಿತು. ತಪಾಸಣೆಯ ಸಾಹೇಬರು ಊಟಕ್ಕೆ ಹೋದಾಗ ಪಕ್ಕದ ಗಿರಣಿಯ ಗೋಡೆಯ ಹಿಂದೆ ಅದೇ ಸಿಲಿಂಡರನ್ನು ಮಾನ್ವಿಯ ಗಾಡಿಗೆ ದಾಟಿಸಿದೆವು. ಮಧ್ಯಾಹ್ನ ಅದೂ ಪಾಸಾಯಿತು. ಆ ದಿನ ನನ್ನಷ್ಟು ಚಾಲಾಕಿ ಈ ಜಿಲ್ಲೆಯಲ್ಲೇ ಇಲ್ಲ ಎಂದುಕೊಂಡಿದ್ದೆ. ಎರಡನೆಯ ಜೊತೆಯನ್ನು ಮುಂದಿನ ವಾರ ತಂದರಾಯಿತು ಎಂಬ ಲೆಕ್ಕ ನನ್ನದು.

ಮರುದಿನ ಕುರ್ಡಿಯ ಹುಡುಗಿಯೊಬ್ಬಳು ದೇವದುರ್ಗದ ಗಾಡಿಯಲ್ಲಿ ಕೆಲಸಕ್ಕೆ ನಿಂತಳು. ತರಬೇತಿ ಮುಗಿಸಿ, ನೋಂದಣಿ ಮಾಡಿಸಿಕೊಂಡಿದ್ದವಳು. ಬಂದವಳೇ ಫೋನು ಮಾಡಿ, ಸಾಮಾನು ನೋಡಿಕೊಳ್ಳಬೇಕು, ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ಕೇಳಿದಳು.

“ನಿನ್ನಿ ಸಾಹೇಬರೇ ನೋಡ್ಯಾರವಾ,” ಎಂದೆ. “ಅವರಗಿಂತ ನೀ ಏನ್ ಹೆಚ್ಚಿಗಿ ನೋಡ್ತಿ?”

ಹೊಸಬಳು, ನಂಬಿದಳು. ಅಷ್ಟರಲ್ಲಿ ಮಸರಕಲ್‌ನಿಂದ ಕರೆ ಬಂತು. ಒಬ್ಬ ಮುದುಕಿಗೆ ಉಬ್ಬಸ, ರಾಯಚೂರಿಗೆ ಒಯ್ಯಬೇಕು ಎಂದು ಮಗ ಕೇಳಿದ್ದ. ಊರು ಬಿಡುವಾಗ ಮುದುಕಿ ಕೂತು ಮಾತಾಡುತ್ತಿದ್ದಳಂತೆ. ಅರ್ಧ ದಾರಿಗೆ ಉಸಿರು ಕಟ್ಟತೊಡಗಿತು. ಡ್ರೈವರ್ ಬೀಗ ಮುರಿದು ಕಪಾಟು ತೆಗೆದ.

ಹುಡುಗಿ ಮತ್ತೆ ಫೋನು ಮಾಡಿದಳು. ದನಿ ಏರಿಸಲಿಲ್ಲ. “ಕಾಕಾ, ಕಪಾಟ ಖಾಲಿ ಅದ. ಸಿಲಿಂಡರ್ ಎಲ್ಲಿಟ್ಟೀರಿ?”

ಅದು ಮಾನ್ವಿಯಲ್ಲಿತ್ತು. ಅದನ್ನು ಹೇಳಲಿಲ್ಲ. ನೀವು ಬರುತ್ತಿರಿ, ನಾನೇ ಎದುರಿಗೆ ತರುತ್ತೇನೆ ಎಂದೆ. ತರುವುದೆಲ್ಲಿಂದ ಎಂದು ಆ ಗಳಿಗೆಯಲ್ಲಿ ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಇನ್ನೊಬ್ಬ ಆಂಬುಲೆನ್ಸಿನವನು ನಿಲ್ಲುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಹಿರಿಯ. ದರ ಇಳಿಸಿ ಇಳಿಸಿ ಅವನ ಗಿರಾಕಿಗಳನ್ನು ನಾನು ಕಿತ್ತುಕೊಂಡು ವರ್ಷಗಳಾಗಿದ್ದವು. ಅವನ ಮುಂದೆ ಹೋಗಿ ನಿಂತು, ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಏನನ್ನೂ ಚೌಕಾಶಿ ಮಾಡದೆ ಕೇಳಿದೆ.

“ನಿನ್ನ ಗಾಡಿಗೆ ಚೀಟಿ ಹಚ್ಚ್ಯಾರಂತಲ್ಲೋ ಸಾವ್ಕಾರ,” ಎಂದ ಅವನು. “ಅದರಾಗ ಗಾಳಿ ಬರಲಿಲ್ಲೇನು?”

ಹಾಗೆನ್ನುತ್ತಲೇ, ಎಂಜಿನ್ ಕೆಟ್ಟು ನಿಂತಿದ್ದ ತನ್ನ ಗಾಡಿಯಿಂದ ಮಾಸ್ಕ್ ಸಮೇತ ಸಿಲಿಂಡರ್ ಇಳಿಸಿದ್ದ. ನನ್ನ ಬೈಕಿನಲ್ಲಿ ನಾನೊಬ್ಬನೇ ಒಯ್ಯಲಾಗದೆಂದು ತಾನೇ ಹಿಂದೆ ಕೂತು ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ತಬ್ಬಿಕೊಂಡ. ಊರ ಹೊರಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ, “ಚಾವಿ ನಾ ತಂದೀನಿ. ನೀ ಅದನ್ನೂ ಮರತಿದ್ದಿ,” ಎಂದ. ನಿಜವಾಗಿಯೂ ಮರೆತಿದ್ದೆ. ಚಾವಿ ಇಲ್ಲದೆ ಸಿಲಿಂಡರ್ ತೆರೆಯುವುದಿಲ್ಲ.

ದೇವದುರ್ಗದ ರಸ್ತೆಯಲ್ಲಿ ಎದುರು ಬರುವ ಪ್ರತಿ ಬಿಳಿ ಗಾಡಿಯೂ ನನ್ನದೇ ಎನಿಸುತ್ತಿತ್ತು. ಹಾಲಿನ ವ್ಯಾನು ಕಂಡು ಎರಡು ಸಲ ಬ್ರೇಕ್ ಹಾಕಿದೆ. ಫೋನು ಕಿಸೆಯಲ್ಲಿ ಅಲುಗುತ್ತಲೇ ಇತ್ತು. ಎತ್ತಿದರೆ ಏನು ಕೇಳಬೇಕಾಗುವುದೋ ಎಂದು ಎತ್ತಲಿಲ್ಲ. ಹತ್ತಿಯ ಹೊಲವೊಂದರ ಪಕ್ಕ ಕೊನೆಗೆ ಗಾಡಿ ಸಿಕ್ಕಿತು. ಡ್ರೈವರ್ ರಸ್ತೆಗಿಳಿದು ಎರಡೂ ಕೈ ಬೀಸುತ್ತಿದ್ದ.

ಒಳಗೆ ಹುಡುಗಿ ಮುದುಕಿಯ ಬೆನ್ನಿಗೆ ತನ್ನ ಎದೆಯನ್ನೇ ಆನಿಕೆಯಾಗಿ ಕೊಟ್ಟು ನೆಟ್ಟಗೆ ಕೂರಿಸಿಕೊಂಡಿದ್ದಳು. ಮುದುಕಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮಗ ಕೈಗೆ ಸಿಕ್ಕಿದ ಫೈಲಿನಿಂದ ಗಾಳಿ ಬೀಸುತ್ತಿದ್ದ. ನೋಡಿದರೆ ಅದು ನನ್ನ ನೋಂದಣಿಯ ಫೈಲು. ಹಿರಿಯ ಚಾವಿ ತಿರುವಿದ. ಸುಯ್ ಎಂದು ಗಾಳಿ ಬಂತು. ಹುಡುಗಿ ಮಾಸ್ಕ್ ಹಾಕಿ ಮುದುಕಿಯ ಬೆನ್ನು ಸವರುತ್ತ, “ಹಗೂರಕ ಯವ್ವಾ, ಹಗೂರಕ,” ಎನ್ನುತ್ತಿದ್ದಳು. ಗಾಡಿ ಹೊರಟಿತು. ಬೈಕಿನಲ್ಲಿ ಅದರ ಹಿಂದೆಯೇ ಹೋದೆವು. ಆಸ್ಪತ್ರೆ ಮುಟ್ಟುವವರೆಗೆ ಆ ಹಿಂಬಾಗಿಲಿನ ಮೇಲಿಂದ ನನ್ನ ಕಣ್ಣು ಕದಲಲಿಲ್ಲ.

ಮುದುಕಿಯನ್ನು ಒಳಗೆ ಸೇರಿಸಿಕೊಂಡರು. ಉಸಿರಿತ್ತು. ಹುಡುಗಿ ಮೆಟ್ಟಿಲ ಮೇಲೆ ಕೂತು ಹಾಳೆ ತುಂಬತೊಡಗಿದಳು. ಅದರ ಒಂದು ಪ್ರತಿ ಇಲಾಖೆಗೆ ಹೋಗುತ್ತದೆ. ರೋಗಿ ಹತ್ತಿದ ಹೊತ್ತು ಒಂದು ಕಡೆ, ಆಕ್ಸಿಜನ್ ಕೊಟ್ಟ ಹೊತ್ತು ಇನ್ನೊಂದು ಕಡೆ. ನಡುವಿನ ಅಂತರವನ್ನು ಯಾರು ಓದಿದರೂ ಕೇಳುವ ಪ್ರಶ್ನೆ ಒಂದೇ. ನನ್ನ ಹಳೆಯ ಬುದ್ಧಿ ಆಗಲೇ ಎದ್ದು ಕೂತಿತ್ತು. ಎರಡೂ ಕಡೆ ಒಂದೇ ಹೊತ್ತು ಬರೆದರೆ ಯಾರಿಗೇನು ನಷ್ಟ ಎಂದು ಮೆಲ್ಲಗೆ ಕೇಳಿದೆ.

ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. “ಆ ಯವ್ವ ದಾರ್ಯಾಗ ಹೋಗಿದ್ರ ಏನ್ ಬರೀ ಅಂತಿದ್ರಿ, ಕಾಕಾ?”

ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿದಳು.

ಎರಡನೆಯ ಸಿಲಿಂಡರ್ ಆ ಸಂಜೆಯೇ ಬಂತು. ಇಲಾಖೆಯ ನೋಟಿಸು ಸ್ವಲ್ಪ ದಿನ ಬಿಟ್ಟು ಬಂತು: ಎರಡೂ ಗಾಡಿಗಳನ್ನು ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ತನ್ನಿ. ತಂದು ತೋರಿಸಿದ್ದೇನೆ. ನೋಂದಣಿ ಉಳಿಯುತ್ತದೋ ಇಲ್ಲವೋ ಇನ್ನೂ ತಿಳಿಸಿಲ್ಲ. ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಈಗಲೂ ಎದ್ದು ಬಾಗಿಲಿಗೆ ಹೋಗುತ್ತೇನೆ.

ಮುದುಕಿ ಗುಣವಾಗಿ ಊರಿಗೆ ಹೊರಟ ದಿನ ಅದೇ ಗಾಡಿಯನ್ನು ಕರೆಸಿದರು. ಬಾಡಿಗೆ ಬೇಡವೆಂದು ಹೇಳಿ ನಾನೂ ಜೊತೆಗೆ ಹೋಗಿದ್ದೆ. ಮಗ ಕೈ ಹಿಡಿದು ಹತ್ತಿಸಲು ಹೋದರೆ ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಮೊದಲ ಅದನ್ನ ಸುಯ್ ಅನಸು ಯಪ್ಪಾ,” ಎಂದಳು ನನಗೆ. “ಆಮ್ಯಾಲೆ ಹತ್ತತೀನಿ.”

ಚಾವಿ ನನ್ನ ಕಿಸೆಯಲ್ಲೇ ಇತ್ತು. ತಿರುವಿದೆ. ಅವಳು ತಲೆ ವಾಲಿಸಿ, ಸಾಕೆನಿಸುವವರೆಗೆ ಕೇಳಿ, ಆಮೇಲೆ ಹತ್ತಿದಳು.