ಕುದುರೆಗೆ ಅರಗಿನ ಬಣ್ಣ

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಬಂತು. ನಮ್ಮ ಕಡೆ ಅನಾಹುತಗಳೆಲ್ಲ ಸಾಮಾನ್ಯವಾಗಿ ಕರೆಂಟ್ ಹೋದಾಗ ಶುರುವಾಗುತ್ತವೆ. ನಮ್ಮದು ಬಂದಾಗ ಶುರುವಾಯಿತು. ಇನ್ನೊಂದು ಅರ್ಧ ಗಂಟೆ ಅದು ಬಾರದೇ ಇದ್ದಿದ್ದರೆ ನಾನು, ಅಕ್ಕ, ಅಕ್ಕನ ಬಾಸ್ ಮೂವರೂ ಲಗೇಜ್ ಆಟೋದಲ್ಲಿ ಚನ್ನಪಟ್ಟಣ ದಾಟಿರುತ್ತಿದ್ದೆವು. ಅಕ್ಕನ ಕನ್ನಡಕವೂ ನೆಟ್ಟಗಿರುತ್ತಿತ್ತು.

ಬಾಸ್ ಎಂದರೆ ಆಳೆತ್ತರದ ಪಿಟೀಲು. ನಿಲ್ಲಿಸಿಕೊಂಡು, ಅಪ್ಪಿಕೊಂಡು, ಬೆರಳು ಗಾತ್ರದ ತಂತಿಗಳನ್ನು ಮೀಟಬೇಕು. ಬೆಂಗಳೂರಿನ ಯಾವುದೋ ಹೋಟೆಲಿನ ವಾದ್ಯತಂಡ ಒಡೆದುಹೋದಾಗ ಅಕ್ಕ ಅದನ್ನು ಕೊಂಡು, ಟೊಮೆಟೊ ಇಳಿಸಿ ವಾಪಸಾಗುತ್ತಿದ್ದ ವ್ಯಾನಿನಲ್ಲಿ ರಾಮನಗರಕ್ಕೆ ತಂದಿದ್ದಳು. ಆಗ ನಮ್ಮಜ್ಜಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೊಟ್ಟೆಯನ್ನು ತಟ್ಟಿ ನೋಡಿ, "ಇದ್ರೊಳಗೆ ಎಷ್ಟು ಪಲ್ಲ ರಾಗಿ ಹಿಡೀತದವ್ವಾ?" ಎಂದು ಕೇಳಿದ್ದರು.

ಅಕ್ಕ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ನಾನು ಎಂ.ಕಾಂ. ಓದಿದವನು. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ಗೊತ್ತಾಗುತ್ತದೆ.

ಎರಡು ವರ್ಷದಿಂದ ಅಕ್ಕನ ಬೆರಳ ಗಂಟುಗಳು ಬಾತುಕೊಳ್ಳುತ್ತಿದ್ದವು. ಅವಳು ನಾಲ್ಕು ಜನರ ಒಂದು ಸಣ್ಣ ಆರ್ಕೆಸ್ಟ್ರಾದಲ್ಲಿದ್ದಾಳೆ. ಮದುವೆ ರಿಸೆಪ್ಷನ್‌ಗಳಲ್ಲಿ ಹಳೆಯ ಹಾಡು ನುಡಿಸುತ್ತಾರೆ. ಇತ್ತೀಚೆಗೆ ಮೂರನೇ ಹಾಡಿಗೆಲ್ಲ ಕೈ ಸೋತು ಕುರ್ಚಿಯಲ್ಲಿ ಕೂತುಬಿಡುತ್ತಿದ್ದಳು. ಕೀಬೋರ್ಡಿನವರು ಒಳ್ಳೆಯ ಮನುಷ್ಯ. "ಯಾಕ್ ಮೇಡಂ ನೋವು ತಿಂತೀರಿ? ಬಾಸ್ ನಾನೇ ಎಡಗೈಲಿ ಹೊಡ್ಕೊಂಡ್ಬುಡ್ತೀನಿ ಬುಡಿ" ಎಂದರು. ಅವತ್ತು ಅಕ್ಕ ಊಟ ಮಾಡಲಿಲ್ಲ.

"ಇಪ್ಪತ್ತೈದು ವರ್ಷ ನಾನ್ ಅಪ್ಕೊಂಡು ನಿಂತಿರೋದುನ್ನ ಅವ್ರು ಎಡಗೈಲಿ ಹೊಡೀತಾರಂತೆ ಕಣ್ಲಾ!"

ಭಾನುವಾರ ಕನಕಪುರದಲ್ಲಿ ಒಂದು ರಿಸೆಪ್ಷನ್ ಇತ್ತು. ಅಲ್ಲೂ ನಡುವೆ ಕೂತರೆ ಬಾಸ್ ಮಾರಿಬಿಡುವುದೆಂದು ಅವಳೇ ತೀರ್ಮಾನಿಸಿದ್ದಳು.

ಉಪಾಯವೊಂದಿತ್ತು. ಆ ಬಾಸಿನ ತಂತಿಗಳು ಒಂದಕ್ಕೊಂದು ತೀರಾ ದೂರ, ಎತ್ತರವೂ ಹೆಚ್ಚು. ಅವನ್ನು ಹತ್ತಿರ ತಂದು ಒಸಿ ತಗ್ಗಿಸಿದರೆ ಬೆರಳಿಗೆ ಅರ್ಧ ಕೆಲಸ ಉಳಿಯುತ್ತದೆ. ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿಗೆ ವೀಣೆಯವರ ಹಾಗೆ ಅಕ್ಕನೂ ಕುದುರೆ ಅನ್ನುತ್ತಾಳೆ. ಅದರ ನೆತ್ತಿಯನ್ನು ಎರಡು ನೂಲು, ಅಂದರೆ ಕಾಲಿಂಚು, ಉಜ್ಜಿ ತೆಗೆದರೆ ತಂತಿ ಕೂರುವ ಹಳೆಯ ಗೀರುಗಳು ಮಾಯವಾಗುತ್ತವೆ. ಆಮೇಲೆ ಹೊಸ ಗೀರುಗಳನ್ನು ಹತ್ತಿರ ಹತ್ತಿರ ಹಾಕಬಹುದು. ಬೆಂಗಳೂರಿನ ರಿಪೇರಿಯವನು ಹತ್ತು ದಿನ ಕೇಳಿದ. ಹಾಗಾಗಿ ಚನ್ನಪಟ್ಟಣದ ಚಾಚಾ ಬಳಿಗೆ ಹೋದೆವು. ಚಾಚಾ ನಲವತ್ತು ವರ್ಷದಿಂದ ಮರದ ಬೊಂಬೆ ಕಡೆಯುವವರು. ಹಿಂದೆ ಬಾಸಿನ ತಂತಿ ಬಿಗಿಯುವ ಒಂದು ಬಿರಟೆಯ ಹಿಡಿ ಮುರಿದಾಗ ಅದಕ್ಕಿಂತ ಚೆಂದದ್ದು ಮಾಡಿಕೊಟ್ಟಿದ್ದರು.

ನಾವು ಹೋದಾಗ ಕರೆಂಟ್ ಇರಲಿಲ್ಲ. ಚಾಚಾ ಬಾಸನ್ನು ಗೋಣಿಚೀಲಗಳ ಮೇಲೆ ಅಂಗಾತ ಮಲಗಿಸಿ, ತಂತಿ ಸಡಿಲಿಸಿ, ಕುದುರೆಯನ್ನು ಎತ್ತಿದರು. ಅದು ಹಾಗೇ ಕೈಗೆ ಬಂದುಬಿಟ್ಟಿತು. ಅವರಿಗೆ ಗಾಬರಿ.

"ಇದ್ಕೆ ಅಂಟೇ ಹಾಕಿಲ್ವಲ್ಲ ಮೇಡಂ!"

"ಅಂಟು ಬೇಡ ಚಾಚಾ. ತಂತಿ ಬಿಗಿಗೇ ನಿಂತ್ಕತದೆ."

ಕೈಯಲ್ಲೇ ಅರ ಹಿಡಿದು ಗಂಟೆಯೊಳಗೆ ಕೆಲಸ ಮುಗಿಸಿದರು. ನಾಲ್ಕು ಗೀರು, ಸಮ ಅಂತರ. ಅಕ್ಕ ಸ್ಕೇಲಿಟ್ಟು ನೋಡಿ ತಲೆದೂಗಿದಳು. ಆ ಹೊತ್ತಿಗೆ ಕರೆಂಟ್ ಬಂದು ಚಾಚಾನ ಬೊಂಬೆ ಕಡೆಯುವ ಯಂತ್ರ ಗುಯ್ ಎಂದು ತಿರುಗತೊಡಗಿತು.

ಚಾಚಾ ಒಮ್ಮೆ ಯಂತ್ರ ನೋಡಿದರು, ಒಮ್ಮೆ ಕೈಯಲ್ಲಿದ್ದ ಕುದುರೆ ನೋಡಿದರು. "ಹಿಂಗೇ ಬೋಳಾಗಿ ಹೆಂಗೆ ಕಳಿಸ್ಲಿ ಮೇಡಂ? ಬೋಳು ಮರ ನಮ್ಮ ಬಾಗ್ಲು ದಾಟಿಲ್ಲ. ನೋಡಿದೋರು ಏನಂತಾರೆ?"

"ಇದ್ಕೆ ಬಣ್ಣ ಯಾಕೆ ಚಾಚಾ?"

"ಬೇಡ ಅನ್ಬೇಡಿ. ಐದು ನಿಮಿಷ."

ತಿರುಗುವ ಉರುಳೆಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಕರಗಿಸಿ, ಅದಕ್ಕೆ ಕುದುರೆಯ ಒಂದೊಂದೇ ಮೈ ತಾಗಿಸಿದರು. ಹಳದಿ ಮೈ, ನಡುವೆ ಎರಡು ಕೆಂಪು ಗೆರೆ. ಮೋಸದ ಕೆಲಸ ಅವರಿಗೆ ಗೊತ್ತಿಲ್ಲ. ಕುದುರೆಗೆ ಬಾಸಿನ ಹಲಗೆಯ ಮೇಲೆ ಊರಲು ಎರಡು ಕಾಲು; ಯಾರಿಗೂ ಕಾಣದ ಅವುಗಳ ಅಂಗಾಲಿಗೂ ಬಳಿದರು. ಆಮೇಲೆ ಕೇದಗೆ ಗರಿಯಿಂದ ತಿಕ್ಕಿ ತಿಕ್ಕಿ ಹೊಳಪು ಕೊಟ್ಟರು. ಅಕ್ಕ ಫೋಟೊ ತೆಗೆದುಕೊಂಡಳು. ನಾನೂ ಭೇಷ್ ಅಂದೆ.

ಮತ್ತೆ ತಂತಿ ಬಿಗಿಯುವ ಹೊತ್ತು. ನಾನು ತಲೆಯ ಕಡೆ ಕೂತು ಬಿರಟೆ ತಿರುಗಿಸುವವನು. ಚಾಚಾ ಪಕ್ಕದಲ್ಲಿ ಬಾಸ್ ಅಲುಗದಂತೆ ಹಿಡಿದಿದ್ದರು. ಅಕ್ಕ ಮಂಡಿಯೂರಿ, ಕುದುರೆಯ ಮೇಲೆ ಬಗ್ಗಿ, ಸ್ಕೇಲಿಟ್ಟು ಅಂತರ ಅಳೆಯುತ್ತಿದ್ದಳು. ನಾಲ್ಕು ತಂತಿ ಸೇರಿ ಎಳೆಯುವ ಎಳೆತ ಒಂದು ಮೂಟೆ ರಾಗಿಯ ತೂಕಕ್ಕಿಂತ ಹೆಚ್ಚು ಎಂದು ಅವಳೇ ಒಮ್ಮೆ ಹೇಳಿದ್ದಳು.

"ತಿರುಗ್ಸು."

"ಸಾಕಾ?"

ಆಗ ಕುದುರೆಯ ಎಡಗಾಲು ಜರುಗಿತು. ಒಂದು ನೂಲಿನಷ್ಟು, ಸದ್ದೇ ಇಲ್ಲದೆ. ನಾನು ನೋಡಿದೆ. ಇದನ್ನು ಬರೆಯುವಾಗಲೂ ಅದು ಜರುಗುವುದು ಕಾಣುತ್ತಿದೆ. ಆದರೆ ಎದುರಿಗೆ ಫಿಸಿಕ್ಸ್ ಲೆಕ್ಚರರ್ ಇದ್ದಾಳೆ, ಪಕ್ಕದಲ್ಲಿ ನಲವತ್ತು ವರ್ಷದ ಮರದ ಅನುಭವ ಕೂತಿದೆ. ನಡುವೆ ಎಂ.ಕಾಂ. ಬಾಯಿ ಹಾಕುವುದೇ?

"ಇನ್ನೊಂದು ಸುತ್ತು" ಅಂದಳು ಅಕ್ಕ. ತಿರುಗಿಸಿದೆ.

ಹೈವೇಯಲ್ಲಿ ಲಾರಿ ಟೈರು ಸಿಡಿದಂಥ ಸದ್ದು. ಹಳದಿಯದೊಂದು ಅಕ್ಕನ ಮುಖದ ಪಕ್ಕ ಹಾರಿದ್ದು ಕಂಡಿತು. ಮರುಗಳಿಗೆ ಮೂಲೆಯಲ್ಲಿದ್ದ ಗಿಲಕಿಗಳ ಬುಟ್ಟಿ ಒಟ್ಟಿಗೇ ಗಲಗಲ ಅಂದಿತು. ಒಳಗಿನಿಂದ ಚಾಚಾನ ಹೆಂಡತಿ ಬಕೆಟ್ ನೀರು ಹೊತ್ತು ಓಡಿಬಂದು, "ಎಲ್ಲಿ ಬೆಂಕಿ? ಎಲ್ಲಿ ಬೆಂಕಿ?" ಎಂದು ಸುತ್ತ ನೋಡಿ, ಬೆಂಕಿ ಸಿಗದೆ ಬಕೆಟನ್ನು ಹಿಡಿದುಕೊಂಡೇ ನಿಂತರು.

ಅಕ್ಕನ ಕನ್ನಡಕ ಒಂದೇ ಕಿವಿಯಲ್ಲಿ ನೇತಾಡುತ್ತಿತ್ತು. ಕೆನ್ನೆಯ ಮೇಲೆ ಕೂದಲೆಳೆಯಂಥ ಒಂದು ಕೆಂಪು ಗೀರು. ಇನ್ನೊಂದು ಬೆರಳಿನಷ್ಟು ಬಗ್ಗಿದ್ದರೆ ಕಣ್ಣು.

"ಅಕ್ಕಾ!"

"ಇದ್ದೀನಿ ಕಣೋ. ಬಾಸಿಗೇನಾಯ್ತು ನೋಡು."

ಎತ್ತಿದಾಗ ಬಾಸಿನ ಹೊಟ್ಟೆಯಲ್ಲಿ ಏನೋ ಉರುಳಿತು. ಒಳಗೆ ಹಲಗೆಗೆ ಆಸರೆಯಾಗಿ ನಿಲ್ಲುವ ಕೋಲು ಬಿದ್ದುಹೋಗಿತ್ತು. ಅಕ್ಕನ ಮುಖ ಬಿಳಿಚಿದ್ದು ಆಗಲೇ, ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಾಗ ಅಲ್ಲ. ಚಾಚಾ ತಲೆ ತಗ್ಗಿಸಿ, "ಇವತ್ತು ಇನ್ ಇದ್ನ ಮುಟ್ಟಲ್ಲ. ಬಿಟ್ಟೋಗಿ ಮೇಡಂ, ನಾಳೆ ಬನ್ನಿ" ಎಂದರು.

ಆ ರಾತ್ರಿ ನಾನು ಮಲಗಲಿಲ್ಲ. ಕಣ್ಣು ಮುಚ್ಚಿದರೆ ಎಡಗಾಲು ಜರುಗುತ್ತಿತ್ತು. ಬೆಳಿಗ್ಗೆ ಕುಕ್ಕರ್ ಒಂದು ವಿಷಲ್ ಹಾಕಿದ್ದಕ್ಕೆ ಲೋಟದ ಕಾಫಿಯನ್ನು ಪೇಪರಿನ ಮೇಲೆ ಚೆಲ್ಲಿದೆ.

ಶನಿವಾರ ನಾವು ಹೋದಾಗ ಚಾಚಾ ಸ್ಕೂಟರಿನ ಬ್ರೇಕ್ ತಂತಿ ಬಗ್ಗಿಸಿ ಕೊಕ್ಕೆ ಮಾಡಿ, ನೆಲದ ಮೇಲೆ ಬೋರಲು ಮಲಗಿ, ಟಾರ್ಚ್ ಬಿಟ್ಟುಕೊಂಡು, ಪಿಟೀಲಿಗಿರುವಂತೆ ಬಾಸಿನ ಹಲಗೆಯಲ್ಲೂ ಇರುವ ಸೀಳಿನೊಳಗೆ ಕೈ ತೂರಿಸಿದ್ದರು. ಮೊದಲು ಕೋಲನ್ನು ಆಚೆ ಎಳೆದು, ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೂ ಬೋಳಾಗೈತೆ. ಇದ್ಕೇನಾದ್ರೂ..."

"ಬೇಡ!" ಎಂದು ನಾವಿಬ್ಬರೂ ಒಟ್ಟಿಗೇ ಕೂಗಿದೆವು.

ಒಂದೂವರೆ ಗಂಟೆಯಲ್ಲಿ ಕೋಲು ನಿಂತಿತು. ಕುದುರೆಯನ್ನು ಜಾರಿಸಿದ್ದು ಅರಗಿನ ನುಣುಪು. ಅದರ ಅಂಗಾಲು ಮತ್ತು ಗೀರುಗಳ ಬಣ್ಣ ಉಜ್ಜಿ ತೆಗೆದು, ಮತ್ತೆ ಜಾರದಿರಲೆಂದು ಅಂಗಾಲಿಗೆ ಸೀಮೆಸುಣ್ಣ ತಿಕ್ಕಿದರು. ಮೈಮೇಲಿನ ಹಳದಿ ಕೆರೆಯಲು ಹೋದಾಗ ಅಕ್ಕ ತಡೆದಳು. "ಅದಿರ್ಲಿ ಚಾಚಾ. ಚೆನ್ನಾಗೈತೆ." ಈ ಸಲ ಬಿರಟೆಯನ್ನು ನಾನು ಕಾಲು ಕಾಲು ಸುತ್ತು ತಿರುಗಿಸಿದೆ, ಮುಖ ಆಚೆ ತಿರುಗಿಸಿಕೊಂಡು. ಕುದುರೆ ನಿಂತಿತು. ಅಕ್ಕ ಒಂದು ತಂತಿಯಿಂದ ಇನ್ನೊಂದಕ್ಕೆ ಬೆರಳು ಸರಿಸಿ ನೋಡಿದಳು. ಮತ್ತೆ ಸರಿಸಿದಳು.

ಅಕ್ಕ ಆಟೋ ಕರೆಯಲು ಹೋದಾಗ ಚಾಚಾ ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ, "ಸಾರ್, ಒಂದ್ ಮಾತು. ನಿನ್ನೆ ಅದರ ಕಾಲು ಜರುಗಿದ್ದು ನಾನ್ ನೋಡ್ದೆ. ಮೇಡಂ ಸೈನ್ಸ್‌ನೋರು, ಅದು ಹಂಗೇ ಇರ್ತದೇನೋ ಅನ್ಕೊಂಡು ಸುಮ್ನಾಗ್ಬುಟ್ಟೆ. ಅಲ್ಲಾ ಕಾಪಾಡ್ದ" ಎಂದರು. ನಾನೂ ನೋಡಿದ್ದೆ ಎಂದು ಅವರಿಗೆ ಹೇಳಿದೆ. ಎದೆಯ ಭಾರ ಅರ್ಧ ಇಳಿಯಿತು. ಉಳಿದರ್ಧ ಅಕ್ಕನಿಗೆ ಹೇಳದೆ ಇಳಿಯುವಂತಿರಲಿಲ್ಲ. ಆ ರಾತ್ರಿಯೂ ನಿದ್ದೆಯಿಲ್ಲ.

ಭಾನುವಾರ ಕನಕಪುರದಲ್ಲಿ ಕೀಬೋರ್ಡಿನವರು ಕುದುರೆ ನೋಡಿ, "ಏನ್ ಮೇಡಂ, ಬಾಸಿಗೆ ಒಡವೆ ಹಾಕ್ಸಿದ್ದೀರಾ?" ಎಂದರು. ಸೊಟ್ಟ ಕನ್ನಡಕದ ಅಕ್ಕ ಮೊದಲ ಹಾಡು ಶುರು ಮಾಡಿದಳು. ಮೂರನೇ ಹಾಡು ಮುಗಿಯಿತು. ಕುರ್ಚಿ ಪಕ್ಕದಲ್ಲೇ ಇತ್ತು. ನಾನು ಮಂಟಪದ ಕಂಬದ ಹಿಂದೆ ನಿಂತು, ಒಂದು ಕಣ್ಣು ಕುರ್ಚಿಯ ಮೇಲೆ, ಇನ್ನೊಂದು ಕುದುರೆಯ ಎಡಗಾಲ ಮೇಲೆ ಇಟ್ಟಿದ್ದೆ. ನಾಲ್ಕನೆಯದು ಮುಗಿಯಿತು, ಐದನೆಯದೂ ಆಯಿತು. ಒಟ್ಟು ಹನ್ನೊಂದು ಹಾಡು, ಮೇಲೆ ಹುಡುಗಿಯ ಸೋದರಮಾವ ಹಟ ಹಿಡಿದದ್ದಕ್ಕೆ ಇನ್ನೆರಡು. ಅಷ್ಟರಲ್ಲಿ ಕುರ್ಚಿಯಲ್ಲಿ ಕೀಬೋರ್ಡಿನವರು ಕೂತಿದ್ದರು.

ವಾಪಸು ಬರುವಾಗ ಲಗೇಜ್ ಆಟೋದ ಹಿಂದೆ ಬಾಸನ್ನು ನಡುವೆ ಹಿಡಿದು ಇಬ್ಬರೂ ಕೂತಿದ್ದೆವು. ಹೇಳಿಬಿಟ್ಟೆ. "ಅಕ್ಕ, ಮೊನ್ನೆ ಅದರ ಕಾಲು ಜರುಗಿದ್ದು ನಾನು ನೋಡಿದ್ದೆ. ಹೇಳ್ಲಿಲ್ಲ."

"ಯಾವಾಗ?"

"ನೀನು ಇನ್ನೊಂದು ಸುತ್ತು ಅಂದ್ಯಲ್ಲ, ಅದಕ್ಕೂ ಮುಂಚೆ."

ಅವಳು ಬಾಸಿನ ಕತ್ತು ಸವರಿದಳು. "ನಾನೂ ನೋಡ್ದೆ ಕಣ್ಲಾ."

"ಮತ್ತೆ ಇನ್ನೊಂದು ಸುತ್ತು ಅಂದೆ?"

"ಚಾಚಾ ಸುಮ್ನಿದ್ರಲ್ಲ! ಮರದ್ ವಿಷ್ಯ ಅವ್ರಿಗೆ ಗೊತ್ತಿರಲ್ವಾ ಅನ್ಕೊಂಡೆ."

ಚಾಚಾ ಹೇಳಿದ್ದನ್ನು ಹೇಳಿದೆ. ಅಕ್ಕ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಬಾಸ್ ಅವಳ ಜೊತೆ ಗುಂ ಗುಂ ಅಂದಿತು. ಡ್ರೈವರ್ ಆಟೋ ನಿಧಾನ ಮಾಡಿ ಹಿಂದಕ್ಕೆ ಕತ್ತು ಚಾಚಿ, "ಏನಾರ ಬಿತ್ತಾ ಸಾ?" ಎಂದು ಕೇಳಿದ.

ಮರುದಿನ ಸೋಮವಾರ ನಾನು ಎದ್ದಾಗ ಎಂಟು ಗಂಟೆ ದಾಟಿತ್ತು. ಕುಕ್ಕರ್ ನಾಲ್ಕು ವಿಷಲ್ ಹಾಕಿತ್ತಂತೆ. ನನಗೆ ಒಂದೂ ಕೇಳಿಸಿರಲಿಲ್ಲ.